‘ಅಂತೆ’ ಬಿದ್ದುಹೋದ ಜಾಗ ಹುಡುಕಿ: ದೆವ್ವದ ಕಥೆಯ ಬೇರಿಗೆ ಹೋಗುವ ದಾರಿ

‘ಹಡಗಿನಲ್ಲಿ ಒಬ್ಬರೂ ಇರಲಿಲ್ಲ. ಮೇಜಿನ ಮೇಲೆ ಚಹಾ ಇನ್ನೂ ಬಿಸಿಯಾಗಿತ್ತು.’

ಮೇರಿ ಸೆಲೆಸ್ಟ್ ಎಂಬ ಹಡಗಿನ ಕಥೆ ಕೇಳಿದ್ದರೆ ಈ ಚಹಾದ ಮಾತನ್ನೂ ಕೇಳಿರುತ್ತೀರಿ. ನಾನೂ ಬಹಳ ವರ್ಷ ನಂಬಿದ್ದೆ. ಕಣ್ಣು ಮುಚ್ಚಿದರೆ ಆ ಹಬೆ ಕಾಣುತ್ತಿತ್ತು. ಆದರೆ ಆ ಚಹಾವನ್ನು ಯಾರೂ ನೋಡಿರಲಿಲ್ಲ. ಖಾಲಿ ಹಡಗನ್ನು ಹತ್ತಿ ಒಳಗೆ ಹೋದ ಮನುಷ್ಯ ಕೋರ್ಟಿನಲ್ಲಿ ಹೇಳಿದ್ದು ಬೇರೆಯೇ: ಕ್ಯಾಬಿನ್‌ನ ಮೇಜಿನ ಮೇಲೆ ತಿನ್ನಲು ಕುಡಿಯಲು ಏನೂ ಇರಲಿಲ್ಲ.

ಈ ಲೇಖನ ಇಂಥ ಕಥೆಗಳನ್ನು ಪರೀಕ್ಷಿಸುವುದು ಹೇಗೆ ಅನ್ನುವುದರ ಬಗ್ಗೆ. ದೆವ್ವದ ಮನೆ, ಮಾಯವಾದ ವಿಮಾನ, ಫೋಟೋದಲ್ಲಿ ಸಿಕ್ಕ ಯಕ್ಷಿಣಿ, ರಾತ್ರಿ ರಸ್ತೆಯಲ್ಲಿ ಲಿಫ್ಟ್ ಕೇಳುವ ಹೆಂಗಸು, ಯಾವುದೇ ಇರಲಿ. ಇದಕ್ಕೆ ದೊಡ್ಡ ಓದು ಬೇಕಿಲ್ಲ. ಒಂದು ನೋಟ್‌ಬುಕ್, ಇಂಟರ್ನೆಟ್, ಎರಡು ಮೂರು ಸಂಜೆಯ ತಾಳ್ಮೆ ಇದ್ದರೆ ಸಾಕು.

ಕನ್ನಡದವರಿಗೆ ಈ ಕೆಲಸದಲ್ಲಿ ಒಂದು ಅನುಕೂಲ ಇದೆ. ನಮ್ಮ ಮಾತಿನಲ್ಲೇ ‘ಅಂತೆ’ ಅನ್ನುವ ಪುಟ್ಟ ಪದ ಇದೆ. ‘ಅವಳು ಬಂದಳು’ ಅಂದರೆ ನಾನೇ ಕಂಡೆ. ‘ಅವಳು ಬಂದಳಂತೆ’ ಅಂದರೆ ಯಾರೋ ಹೇಳಿದರು. ಕಥೆ ಹುಟ್ಟುವಾಗ ಈ ‘ಅಂತೆ’ ಜೊತೆಗೇ ಇರುತ್ತದೆ. ನಾಲ್ಕು ಬಾಯಿ ದಾಟುವಷ್ಟರಲ್ಲಿ ಎಲ್ಲೋ ಉದುರಿಹೋಗುತ್ತದೆ. ‘ಚಹಾ ಬಿಸಿಯಾಗಿತ್ತಂತೆ’ ಅನ್ನುವುದು ‘ಚಹಾ ಬಿಸಿಯಾಗಿತ್ತು’ ಆಗುತ್ತದೆ. ಅದು ಎಲ್ಲಿ ಉದುರಿತು ಅಂತ ಹುಡುಕುವುದೇ ನಮ್ಮ ಕೆಲಸ.

ಮೊದಲು ಕಥೆಯನ್ನು ಇದ್ದ ಹಾಗೆ ಬರೆದುಕೊಳ್ಳಿ

ಹುಡುಕಾಟಕ್ಕೆ ಇಳಿಯುವ ಮುಂಚೆ ನೀವು ಕೇಳಿದ ಕಥೆಯನ್ನು ಒಂದಕ್ಷರ ತಿದ್ದದೆ ಬರೆದಿಡಿ. ವಿಡಿಯೋ ಆಗಿದ್ದರೆ ಅದರ ಮಾತುಗಳನ್ನು ಬರೆಯಿರಿ. ಮೆಸೇಜ್ ಆಗಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ನಾಲ್ಕು ದಿನ ಹುಡುಕಿದ ಮೇಲೆ ನಿಮ್ಮ ತಲೆಯಲ್ಲೇ ಕಥೆ ಬದಲಾಗಿರುತ್ತದೆ. ಮೂಲ ಕೈಯಲ್ಲಿ ಇಲ್ಲದಿದ್ದರೆ ಏನನ್ನು ಪರೀಕ್ಷೆ ಮಾಡಲು ಹೊರಟಿರಿ ಅನ್ನುವುದೇ ಮರೆತುಹೋಗುತ್ತದೆ.

ಆಮೇಲೆ ಕಥೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ. ಒಂದು ಸಾಲಿಗೆ ಒಂದೇ ವಿಷಯ. ಪುಟದ ಮಧ್ಯೆ ಗೆರೆ ಎಳೆದು ಎಡಗಡೆ ಆ ತುಂಡುಗಳನ್ನು ಬರೆಯಿರಿ. ಬಲಗಡೆ ಖಾಲಿ ಇರಲಿ, ಅದು ಸಿಕ್ಕ ಪುರಾವೆಗೆ.

ಮೇರಿ ಸೆಲೆಸ್ಟ್ ಆದರೆ ಎಡಗಡೆ ಹೀಗೆ ಬರುತ್ತದೆ: ಹಡಗು ಖಾಲಿ ಸಿಕ್ಕಿತು. ಚಹಾ ಬಿಸಿಯಾಗಿತ್ತು. ತುರ್ತು ದೋಣಿ ಇದ್ದ ಜಾಗದಲ್ಲೇ ಇತ್ತು. ಯಾಕೆ ಹೋದರು ಅನ್ನುವುದಕ್ಕೆ ಸುಳಿವೇ ಇಲ್ಲ. ಈಗ ಒಂದೊಂದಾಗಿ ನೋಡೋಣ. ಹಡಗು ಖಾಲಿ ಸಿಕ್ಕಿದ್ದು ನಿಜ. 1872ರ ಡಿಸೆಂಬರ್ 4ರಂದು ಅಜೋರಸ್ ದ್ವೀಪಗಳಿಗೂ ಪೋರ್ಚುಗಲ್‌ಗೂ ನಡುವೆ ‘ಡೀ ಗ್ರೇಷಿಯಾ’ ಎಂಬ ಇನ್ನೊಂದು ಹಡಗಿನವರಿಗೆ ಅದು ಸಿಕ್ಕಿತು. ಕ್ಯಾಪ್ಟನ್ ಬೆಂಜಮಿನ್ ಬ್ರಿಗ್ಸ್, ಅವರ ಹೆಂಡತಿ, ಎರಡು ವರ್ಷದ ಮಗಳು, ಏಳು ನಾವಿಕರು, ಒಟ್ಟು ಹತ್ತು ಜನ ಇರಲಿಲ್ಲ. ಚಹಾ ಸುಳ್ಳು. ತುರ್ತು ದೋಣಿಯ ಮಾತೂ ಸುಳ್ಳು, ದೋಣಿ ಅಲ್ಲಿರಲಿಲ್ಲ. ಅದರ ಜೊತೆ ದಿಕ್ಕು ನೋಡುವ ಉಪಕರಣಗಳೂ ಹಡಗಿನ ಕಾಗದಪತ್ರಗಳೂ ಹೋಗಿದ್ದವು. ಅಂದರೆ ಅವರು ಗಾಳಿಯಲ್ಲಿ ಕರಗಿಹೋಗಿರಲಿಲ್ಲ, ದೋಣಿ ಇಳಿಸಿಕೊಂಡು ಹೊರಟಿದ್ದರು. ಇಡೀ ಕಥೆಯನ್ನು ಒಂದೇ ಮುದ್ದೆಯಾಗಿ ‘ನಿಜವೋ ಸುಳ್ಳೋ’ ಅಂತ ಕೇಳಿದ್ದರೆ ಇದು ಗೊತ್ತಾಗುತ್ತಿತ್ತಾ?

ನೋಡಿದವರು ಯಾರು ಅಂತ ಕೇಳಿ

ಈ ಹೆಜ್ಜೆ ಚಿಕ್ಕದು. ಹೇಳಿದವರನ್ನೇ ಕೇಳಿ: ‘ನೀವೇ ನೋಡಿದ್ದಾ?’ ಅವರ ಉತ್ತರ ಬಹುಪಾಲು ‘ನಾನಲ್ಲ, ನನ್ನ ಗೆಳೆಯನ ಗೆಳೆಯ’ ಅಂತಲೇ ಇರುತ್ತದೆ. ಆ ಗೆಳೆಯನನ್ನು ಹುಡುಕಿಕೊಂಡು ಹೋದರೆ ಅವನೂ ಇನ್ನೊಬ್ಬರತ್ತ ಕೈ ತೋರಿಸುತ್ತಾನೆ. ಜನಪದ ಕಥೆಗಳನ್ನು ಓದುವವರು ಇದನ್ನು ಇಂಥ ಕಥೆಗಳ ಗುರುತು ಅಂತಲೇ ಇಟ್ಟುಕೊಂಡಿದ್ದಾರೆ.

ರಸ್ತೆಯಲ್ಲಿ ಲಿಫ್ಟ್ ಕೇಳಿ, ಮನೆ ಹತ್ತಿರ ಬಂದಾಗ ಸೀಟಿನಿಂದ ಮಾಯವಾಗುವ ಹುಡುಗಿಯ ಕಥೆ ಗೊತ್ತಲ್ವಾ? 1942ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದೇ ಕಥೆಯ 79 ರೂಪಗಳನ್ನು ಒಟ್ಟು ಹಾಕಿದರು. ಊರು ಬೇರೆ, ರಸ್ತೆ ಬೇರೆ, ಹುಡುಗಿ ಸತ್ತ ಕಾರಣ ಬೇರೆ. ಕಥೆಯ ಎಲುಬು ಮಾತ್ರ ಒಂದೇ. ನಿಮ್ಮ ಕಥೆಯಲ್ಲಿ ಊರಿನ ಹೆಸರು ತೆಗೆದು ಬೇರೆ ಊರಿನ ಹೆಸರು ಹಾಕಿ ಹುಡುಕಿ ನೋಡಿ. ಹಾಗೇ ಸಿಕ್ಕಿತು ಅಂದರೆ ಅದು ಒಂದು ಊರಿನಲ್ಲಿ ನಡೆದ ಘಟನೆ ಅಲ್ಲ, ಊರೂರು ತಿರುಗುವ ಕಥೆ.

ಹಿಂದಕ್ಕೆ ನಡೆಯಿರಿ, ಅತ್ಯಂತ ಹಳೆಯದು ಸಿಗುವ ತನಕ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಬೇರೆ ಯಾವುದಕ್ಕೂ ಸಮಯ ಇಲ್ಲದಿದ್ದರೆ ಇದೊಂದನ್ನಾದರೂ ಮಾಡಿ. ಈ ಕಥೆ ಮೊದಲು ಅಚ್ಚಾದದ್ದು ಯಾವಾಗ? ಘಟನೆ ನಡೆದದ್ದು ಯಾವಾಗ? ಈ ಎರಡು ತಾರೀಖುಗಳ ಮಧ್ಯೆ ಎಷ್ಟು ಅಂತರ ಇದೆ?

ಮಾನ್ಸ್‌ನ ದೇವದೂತರ ಕಥೆ ತಗೊಳ್ಳಿ. ಮೊದಲ ಮಹಾಯುದ್ಧದಲ್ಲಿ, 1914ರ ಆಗಸ್ಟ್ 23ರಂದು, ಬೆಲ್ಜಿಯಂನ ಮಾನ್ಸ್‌ನಲ್ಲಿ ಬ್ರಿಟಿಷ್ ಸೈನ್ಯ ಜರ್ಮನರ ದೊಡ್ಡ ಪಡೆಯ ಎದುರು ನಿಂತು ಹೋರಾಡಿ, ಆಮೇಲೆ ಹಿಂದೆ ಸರಿಯಿತು. ಆಗ ಆಕಾಶದಿಂದ ದೇವದೂತರು ಇಳಿದು ಸೈನಿಕರನ್ನು ಕಾಪಾಡಿದರು ಅನ್ನುವ ಸುದ್ದಿ ಬ್ರಿಟನ್ ತುಂಬ ಹರಡಿತು. ಸೈನಿಕರೇ ಕಂಡಿದ್ದಾರೆ, ನರ್ಸ್‌ಗಳಿಗೆ ಹೇಳಿದ್ದಾರೆ ಅಂತ ಪತ್ರಗಳು, ಭಾಷಣಗಳು, ಕಿರುಪುಸ್ತಕಗಳು ಬಂದವು.

ಹಿಂದಕ್ಕೆ ನಡೆದರೆ ಏನು ಸಿಗುತ್ತದೆ ನೋಡಿ. ಈ ಪತ್ರ, ಕಿರುಪುಸ್ತಕಗಳೆಲ್ಲ ಬಂದದ್ದು 1915ರಲ್ಲಿ. ಅದಕ್ಕೂ ಮುಂಚೆ, 1914ರ ಸೆಪ್ಟೆಂಬರ್ 29ರಂದು, ಲಂಡನ್ನಿನ ‘ಈವ್ನಿಂಗ್ ನ್ಯೂಸ್’ ಪತ್ರಿಕೆಯಲ್ಲಿ ಆರ್ಥರ್ ಮೇಕನ್ ಅನ್ನುವ ಲೇಖಕ ಒಂದು ಸಣ್ಣಕಥೆ ಬರೆದಿದ್ದರು. ಕಥೆಯಲ್ಲಿ ಒಬ್ಬ ಸೈನಿಕ ಸಂತ ಜಾರ್ಜ್‌ನನ್ನು ನೆನೆಯುತ್ತಾನೆ. ನೂರಾರು ವರ್ಷ ಹಿಂದೆ ಸತ್ತ ಬಿಲ್ಲುಗಾರರು ನೆರಳಿನಂತೆ ಎದ್ದು ಬಂದು ಬಾಣ ಬಿಡುತ್ತಾರೆ. ಅದು ಪೂರ್ತಿ ಕಲ್ಪನೆ. ಆದರೆ ಪತ್ರಿಕೆಯಲ್ಲಿ ‘ಇದು ಕಥೆ’ ಅಂತ ಗುರುತು ಹಾಕಿರಲಿಲ್ಲ, ಬರೆದ ಧಾಟಿಯೂ ವರದಿಯಂತೆ ಇತ್ತು.

ಕೆಲವು ತಿಂಗಳಲ್ಲಿ ಒಂದು ಚರ್ಚಿನ ಪತ್ರಿಕೆ ನಡೆಸುತ್ತಿದ್ದ ಪಾದ್ರಿ ಅದನ್ನು ಕಿರುಪುಸ್ತಕ ಮಾಡಲು ಅನುಮತಿ ಕೇಳಿದರು. ಜೊತೆಗೆ ಒಂದು ಮುನ್ನುಡಿ ಬರೆದು ಈ ವಿಷಯ ಎಲ್ಲಿಂದ ಸಿಕ್ಕಿತು ಅಂತಲೂ ತಿಳಿಸಿ ಅಂದರು. ಮೇಕನ್ ‘ಎಲ್ಲಿಂದಲೂ ಇಲ್ಲ, ನಾನೇ ಕಟ್ಟಿದ್ದು’ ಅಂತ ಉತ್ತರ ಬರೆದರು. ಅದಕ್ಕೆ ಪಾದ್ರಿಯಿಂದ ಬಂದ ಮಾರುತ್ತರದ ಸಾರ ಇಷ್ಟು: ನೀವು ತಪ್ಪು ತಿಳಿದಿದ್ದೀರಿ, ಮುಖ್ಯ ಸಂಗತಿಗಳು ನಿಜವೇ ಇರಬೇಕು, ನೀವು ಅದಕ್ಕೆ ಸ್ವಲ್ಪ ಬಣ್ಣ ಹಚ್ಚಿದ್ದೀರಿ ಅಷ್ಟೆ. ಬರೆದವನೇ ಬೇಡ ಅಂದರೂ ‘ಅಂತೆ’ ಉದುರಿಹೋಯಿತು. ಬಿಲ್ಲುಗಾರರು ಹೋಗಿ ದೇವದೂತರಾದರು.

ಇದರ ಬಗ್ಗೆ ಓದಿದಾಗಲೆಲ್ಲ ನನಗೆ ಆ ಪಾದ್ರಿಯ ಮೇಲೆ ಸಿಟ್ಟು ಬರುವುದಿಲ್ಲ. ಮನೆಮನೆಯಿಂದ ಹುಡುಗರು ಯುದ್ಧಕ್ಕೆ ಹೋಗಿದ್ದ ಕಾಲ ಅದು. ದೇವದೂತರು ಬಂದರು ಅಂತ ನಂಬುವ ಅಗತ್ಯ ಜನಕ್ಕೆ ಇತ್ತು. ಕಥೆಯ ಮೂಲ ಹುಡುಕುವಾಗ ಆ ಅಗತ್ಯವನ್ನೂ ಬಲಗಡೆ ಒಂದು ಸಾಲಿನಲ್ಲಿ ಬರೆದಿಡಿ.

ಈಗ ಹುಡುಕುವ ರೀತಿ. ಕಥೆಯ ಪ್ರಸಿದ್ಧ ಹೆಸರಿನಿಂದ ಹುಡುಕಬೇಡಿ. ಆ ಹೆಸರು ಆಮೇಲೆ ಇಟ್ಟದ್ದಾಗಿರುತ್ತದೆ. ಹಡಗು, ವಿಮಾನಗಳು ಮಾಯವಾಗುತ್ತವಂತೆ ಅನ್ನುವ ಅಟ್ಲಾಂಟಿಕ್ ಸಾಗರದ ಒಂದು ಭಾಗಕ್ಕೆ ‘ಬರ್ಮುಡಾ ಟ್ರಯಾಂಗಲ್’ ಅನ್ನುವ ಹೆಸರು 1964ರಲ್ಲಿ ಒಂದು ಪತ್ರಿಕೆಯ ಲೇಖನದಿಂದ ಬಂತು. ಅದಕ್ಕೂ ಹಿಂದಿನ ಪತ್ರಿಕೆಗಳಲ್ಲಿ ಆ ಹೆಸರು ಹಾಕಿ ಹುಡುಕಿದರೆ ಸಿಗುವುದೇನು? ಹಡಗಿನ ಹೆಸರು, ಊರಿನ ಹೆಸರು, ತಾರೀಖು ಹಾಕಿ. ಹುಡುಕುವ ಜಾಗದಲ್ಲಿ ವರ್ಷದ ಮಿತಿ ಇಡುವ ಸೌಲಭ್ಯ ಇರುತ್ತದೆ, ಅದನ್ನು ಬಳಸಿ. ಹತ್ತು ಹತ್ತು ವರ್ಷ ಹಿಂದೆ ಸರಿಯಿರಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ‘ಕ್ರಾನಿಕ್ಲಿಂಗ್ ಅಮೆರಿಕ’, ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’, ಇವೆರಡರಲ್ಲೂ ಹಳೆಯ ಪತ್ರಿಕೆಗಳನ್ನು ದುಡ್ಡು ಕೊಡದೆ ಓದಬಹುದು. ಬೇರೆ ದೇಶದ ಸುದ್ದಿಯೂ ಆಗಿನ ಪತ್ರಿಕೆಗಳಲ್ಲಿ ಬರುತ್ತಿತ್ತು, ಹಾಗಾಗಿ ಜಾಗ ಬೇರೆ ಅಂತ ಬಿಡಬೇಡಿ.

ಕಾಗುಣಿತದ ತಪ್ಪುಗಳನ್ನು ಗಮನಿಸಿ. ಇವು ಬಂಗಾರದಂಥ ಸುಳಿವು. ಆ ಹಡಗಿನ ನಿಜವಾದ ಹೆಸರು ‘ಮೇರಿ ಸೆಲೆಸ್ಟ್’. ಎಷ್ಟೋ ಕಡೆ ‘ಮಾರೀ ಸೆಲೆಸ್ಟ್’ ಅಂತ ಬರೆದಿರುತ್ತಾರೆ. 1884ರಲ್ಲಿ, ಷರ್ಲಾಕ್ ಹೋಮ್ಸ್ ಕಥೆಗಳಿಂದ ಇನ್ನೂ ಹೆಸರು ಮಾಡದ ಆರ್ಥರ್ ಕಾನನ್ ಡಾಯ್ಲ್ ಈ ಘಟನೆಯನ್ನು ಇಟ್ಟುಕೊಂಡು ಒಂದು ಕಾಲ್ಪನಿಕ ಕಥೆ ಬರೆದರು. ಅದರಲ್ಲಿ ಹಡಗಿನ ಹೆಸರು ‘ಮಾರೀ ಸೆಲೆಸ್ಟ್’. ದೋಣಿಗಳು ಇದ್ದಲ್ಲೇ ಇದ್ದವು ಅನ್ನುವುದೂ ಅದರಲ್ಲೇ ಇದೆ. ಆ ಕಾಗುಣಿತ ಕಂಡ ಕೂಡಲೇ ನಿಮ್ಮ ಕಥೆಯಲ್ಲಿ ಎಲ್ಲೋ ಒಂದು ಕಡೆ ಸಣ್ಣಕಥೆಯ ನೀರು ಸೇರಿದೆ ಅಂತ ಅನುಮಾನಪಡಬಹುದು.

ಕಾಗದಪತ್ರ: ಹವಾಮಾನ, ಕೋರ್ಟು, ತನಿಖಾ ವರದಿ

1970ರ ದಶಕದಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಲ್ಯಾರಿ ಕುಶೆ ಅನ್ನುವವರು ಕೆಲಸ ಮಾಡುತ್ತಿದ್ದರು. ಬರ್ಮುಡಾ ಟ್ರಯಾಂಗಲ್ ಬಗ್ಗೆ ಪುಸ್ತಕ ಕೊಡಿ ಅಂತ ವಿದ್ಯಾರ್ಥಿಗಳು ಬರುತ್ತಲೇ ಇದ್ದರು. ಕುಶೆ ಸಮುದ್ರಕ್ಕೆ ಹೋಗಲಿಲ್ಲ. ಹಳೆಯ ಪತ್ರಿಕೆ, ಹವಾಮಾನದ ದಾಖಲೆ, ಅಧಿಕೃತ ತನಿಖಾ ವರದಿಗಳನ್ನು ತರಿಸಿಕೊಂಡು ಒಂದೊಂದೇ ಘಟನೆಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ‘ಶಾಂತ ಸಮುದ್ರ’ ಅಂತ ಬರೆದಿದ್ದ ಕಡೆ ಬಿರುಗಾಳಿ ಇತ್ತು. ಕೆಲವು ಹಡಗುಗಳು ಮುಳುಗಿದ್ದು ಬೇರೆ ಯಾವುದೋ ಸಮುದ್ರದಲ್ಲಿ. 1975ರಲ್ಲಿ ಅವರ ಪುಸ್ತಕ ಬಂತು. ಈ ಕೆಲಸಕ್ಕೆ ಮಾದರಿ ಯಾರು ಅಂತ ಕೇಳಿದರೆ ನಾನು ಇವರ ಹೆಸರೇ ಹೇಳುತ್ತೇನೆ.

ಈ ಕಥೆಗಳಲ್ಲೆಲ್ಲ ಹೆಸರುವಾಸಿಯಾದದ್ದು ಫ್ಲೈಟ್ 19. 1945ರ ಡಿಸೆಂಬರ್ 5ರ ಮಧ್ಯಾಹ್ನ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಐದು ತರಬೇತಿ ವಿಮಾನಗಳು ಹೊರಟವು, 14 ಜನ ಇದ್ದರು. ಯಾರೂ ತಿರುಗಿ ಬರಲಿಲ್ಲ. ‘ಸಮುದ್ರ ವಿಚಿತ್ರವಾಗಿ ಕಾಣುತ್ತಿದೆ’ ಅಂತ ರೇಡಿಯೋದಲ್ಲಿ ಹೇಳಿದರು ಅನ್ನುವುದು ಕಥೆಯ ಜೀವಾಳ. ದಾಖಲಾದ ರೇಡಿಯೋ ಮಾತುಗಳಲ್ಲಿ ಅದು ಇಲ್ಲ. ಇರುವುದು ದಾರಿ ತಪ್ಪಿದ ಮನುಷ್ಯರ ಮಾತು. ತಂಡದ ನಾಯಕ ತನ್ನ ದಿಕ್ಸೂಚಿಗಳು ಕೆಟ್ಟಿವೆ ಅಂದುಕೊಂಡರು. ತಾವು ಫ್ಲೋರಿಡಾದ ದಕ್ಷಿಣ ತುದಿಯ ದ್ವೀಪಗಳ ಮೇಲೆ ಇದ್ದೇವೆ ಅಂತ ತಪ್ಪು ತಿಳಿದರು. ಕತ್ತಲಾಯಿತು, ಹವಾಮಾನ ಕೆಟ್ಟಿತು, ಇಂಧನ ಮುಗಿಯುತ್ತಾ ಬಂತು. ಹುಡುಕಲು ಹೋದ ವಿಮಾನವೂ 13 ಜನರ ಜೊತೆ ಇಲ್ಲವಾಯಿತು. ಅದು ‘ಮಾಯವಾಯಿತು’ ಅನ್ನುತ್ತಾರೆ. ಆದರೆ ಆ ಸಂಜೆ ಒಂದು ಟ್ಯಾಂಕರ್ ಹಡಗಿನವರು ಸಮುದ್ರದಲ್ಲಿ ಬೆಂಕಿಯ ಜ್ವಾಲೆ ಕಂಡಿದ್ದನ್ನು ವರದಿ ಮಾಡಿದ್ದರು.

27 ಜನ ಸತ್ತರು. ಕತ್ತಲಲ್ಲಿ, ಹೆದರಿಕೆಯಲ್ಲಿ, ಕೆಳಗೆ ಭೂಮಿ ಇದೆಯೋ ನೀರಿದೆಯೋ ಗೊತ್ತಾಗದೆ. ಅದರ ಮೇಲೆ ಅನ್ಯಗ್ರಹದವರ ಕಥೆ ಹೊದಿಸಿದಾಗ ಈ ಮನುಷ್ಯರು ಮರೆಯಾಗುತ್ತಾರೆ. ಮೂಲ ದಾಖಲೆ ಓದಿ ಅಂತ ನಾನು ಒತ್ತಿ ಹೇಳುವುದಕ್ಕೆ ಅರ್ಧ ಕಾರಣ ಇದೇ.

ನೀವು ಹುಡುಕಬೇಕಾದ ಕಾಗದಗಳು ಇವು: ಆ ದಿನದ ಹವಾಮಾನ, ಘಟನೆಯಾದ ವಾರದ ಸ್ಥಳೀಯ ಪತ್ರಿಕೆ, ಸಾವು ಆಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ, ಕೇಸು ನಡೆದಿದ್ದರೆ ಸಾಕ್ಷಿಗಳ ಹೇಳಿಕೆ. ಘಟನೆಯಾದ ವಾರದಲ್ಲಿ ಹೇಳಿದ್ದಕ್ಕೂ ಇಪ್ಪತ್ತು ವರ್ಷದ ಮೇಲೆ ಟಿವಿಯಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ಮೊದಲಿನದಕ್ಕೇ ಹೆಚ್ಚು ಬೆಲೆ ಕೊಡಿ.

ಫೋಟೋ ಇದ್ದರೆ ಸರಿಯಾದ ಪ್ರಶ್ನೆ ಕೇಳಿ

1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿ ಹಳ್ಳಿಯಲ್ಲಿ 16 ವರ್ಷದ ಎಲ್ಸಿ ರೈಟ್, 9 ವರ್ಷದ ಫ್ರಾನ್ಸಿಸ್ ಗ್ರಿಫಿತ್ಸ್ ಇದ್ದರು. ಫ್ರಾನ್ಸಿಸ್ ದಿನಾ ತೊರೆಯ ಹತ್ತಿರ ಆಡಿ ಬಟ್ಟೆ ಒದ್ದೆ ಮಾಡಿಕೊಂಡು ಬರುತ್ತಿದ್ದಳು. ಯಾಕೆ ಅಲ್ಲಿಗೆ ಹೋಗುತ್ತೀಯ ಅಂತ ಬೈದರೆ ಯಕ್ಷಿಣಿಯರನ್ನು ನೋಡಲು ಅನ್ನುತ್ತಿದ್ದಳು. ಎಲ್ಸಿಯ ಅಪ್ಪನ ಕ್ಯಾಮೆರಾ ತಗೊಂಡು ಹೋಗಿ ಇಬ್ಬರೂ ಫೋಟೋ ತೆಗೆದು ತಂದರು. ರೆಕ್ಕೆ ಇರುವ ಪುಟ್ಟ ಯಕ್ಷಿಣಿಯರು ಫ್ರಾನ್ಸಿಸ್ ಮುಂದೆ ಕುಣಿಯುತ್ತಿದ್ದರು.

ಫೋಟೋಗಳು ಕಾನನ್ ಡಾಯ್ಲ್ ಕೈಗೆ ಹೋದವು. ಅಷ್ಟು ಹೊತ್ತಿಗೆ ಅವರು ಜಗತ್ತಿಗೇ ಗೊತ್ತಿದ್ದ ಪತ್ತೇದಾರಿ ಕಥೆಗಾರ. 1920ರಲ್ಲಿ ಅವರು ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಈ ಬಗ್ಗೆ ಬರೆದರು. ಅದಕ್ಕೂ ಮುಂಚೆ ನೆಗೆಟಿವ್‌ಗಳನ್ನು ಒಬ್ಬ ಫೋಟೋ ತಜ್ಞರಿಗೆ ತೋರಿಸಲಾಗಿತ್ತು. ತಿದ್ದಿಲ್ಲ, ಒಂದರ ಮೇಲೊಂದು ಚಿತ್ರ ಹಾಕಿಲ್ಲ ಅಂತ ಅವರು ಹೇಳಿದರು. ಅದು ನಿಜವೇ! ನೆಗೆಟಿವ್ ತಿದ್ದಿರಲಿಲ್ಲ. ಹುಡುಗಿಯರು ಕಾಗದದ ಮೇಲೆ ಯಕ್ಷಿಣಿಯರ ಚಿತ್ರ ಬರೆದು, ಕತ್ತರಿಸಿ, ಟೋಪಿಗೆ ಚುಚ್ಚುವ ಪಿನ್ನುಗಳಿಂದ ಹುಲ್ಲಿನಲ್ಲಿ ನಿಲ್ಲಿಸಿದ್ದರು. ಕ್ಯಾಮೆರಾ ಎದುರಿಗಿದ್ದದ್ದನ್ನೇ ತೆಗೆದಿತ್ತು.

‘ಈ ಫೋಟೋ ಎಡಿಟ್ ಮಾಡಿದ್ದಾ?’ ಅಂತಷ್ಟೇ ಕೇಳಿದರೆ ಹೀಗೆ ಆಗುತ್ತದೆ. ‘ಕ್ಯಾಮೆರಾ ಮುಂದೆ ಏನಿತ್ತು? ಯಾರು ಇಟ್ಟರು?’ ಅಂತಲೂ ಕೇಳಿ. ಆ ಯಕ್ಷಿಣಿಯರ ಭಂಗಿ 1914ರ ಒಂದು ಮಕ್ಕಳ ಪುಸ್ತಕದ ಚಿತ್ರದಿಂದ ಬಂದದ್ದು. ಅದೇ ಪುಸ್ತಕದಲ್ಲಿ ಕಾನನ್ ಡಾಯ್ಲ್ ಅವರದ್ದೂ ಒಂದು ಕಥೆ ಇತ್ತು. ಸುಳಿವು ಅವರ ಕಪಾಟಿನಷ್ಟು ಹತ್ತಿರ ಇತ್ತು ಅನ್ನಬಹುದು.

ಇಬ್ಬರೂ ಒಪ್ಪಿಕೊಂಡದ್ದು 1983ರಲ್ಲಿ, ಅಜ್ಜಿಯರಾದ ಮೇಲೆ. ಅಷ್ಟು ದೊಡ್ಡ ಮನುಷ್ಯ ನಂಬಿಬಿಟ್ಟ ಮೇಲೆ ಸುಮ್ನೆ ಇರುವುದು ಬಿಟ್ಟು ಬೇರೆ ದಾರಿ ಇರಲಿಲ್ಲ ಅಂದರು. ಒಂದು ಮಗುವಿನ ಸಣ್ಣ ಸುಳ್ಳು ಇಬ್ಬರನ್ನೂ ಅರವತ್ತು ವರ್ಷಕ್ಕೂ ಹೆಚ್ಚು ಕಟ್ಟಿಹಾಕಿತು. ನನಗೆ ಇವರ ಮೇಲೆ ಪ್ರೀತಿಯೇ ಜಾಸ್ತಿ.

ಇನ್ನೊಂದು ಪ್ರಶ್ನೆ: ಫೋಟೋದ ಅಂಚು ಎಲ್ಲಿ? ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಿಂದ ಉದ್ದ ಕತ್ತು ಎತ್ತಿದ ಪ್ರಾಣಿಯ ಫೋಟೋ 1934ರ ಏಪ್ರಿಲ್‌ನಲ್ಲಿ ‘ಡೈಲಿ ಮೇಲ್’ನಲ್ಲಿ ಬಂತು. ಅಚ್ಚಾದದ್ದು ಸುತ್ತ ಕತ್ತರಿಸಿದ ಚಿತ್ರ. ಪೂರ್ತಿ ಚಿತ್ರ ನೋಡಿದರೆ ಸುತ್ತಲಿನ ಅಲೆಗಳ ಲೆಕ್ಕದಲ್ಲಿ ಆ ಪ್ರಾಣಿ ತುಂಬಾ ಚಿಕ್ಕದು. ಆಟಿಕೆಯ ಜಲಾಂತರ್ಗಾಮಿಗೆ ತಲೆ ಕತ್ತು ಅಂಟಿಸಿ ಮಾಡಿದ್ದು ಅನ್ನುವುದು 1994ರಲ್ಲಿ ಹೊರಬಿತ್ತು. ಹಾಗಾಗಿ ಯಾವ ಚಿತ್ರ ಸಿಕ್ಕರೂ ಅದೇ ಚಿತ್ರ ಇಂಟರ್ನೆಟ್‌ನಲ್ಲಿ ಬೇರೆಲ್ಲಿದೆ ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್ ಅಥವಾ ಟಿನ್‌ಐನಲ್ಲಿ ಹಾಕಿ, ಅತ್ಯಂತ ಹಳೆಯ ಪ್ರತಿ, ಅತ್ಯಂತ ದೊಡ್ಡ ಪ್ರತಿ ಎರಡನ್ನೂ ಹುಡುಕಿ. ವಿಡಿಯೋ ಆದರೆ ಮೂರು ನಾಲ್ಕು ಕಡೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಹಾಗೇ ಮಾಡಿ.

ಮನೆಯಲ್ಲೇ ಏನೋ ಇದೆ ಅನ್ನಿಸಿದರೆ

ಇಲ್ಲಿ ಮೊದಲು ಸುರಕ್ಷತೆ, ಆಮೇಲೆ ಕುತೂಹಲ. ಮನೆಯವರಿಗೆಲ್ಲ ತಲೆನೋವು, ಸುಸ್ತು, ಯಾರೋ ಇದ್ದಾರೆ ಅನ್ನುವ ಭಾವನೆ ಇದ್ದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ತಕ್ಷಣ ಕಿಟಕಿ ತೆಗೆಯಿರಿ, ಹೊರಗೆ ಬನ್ನಿ. ಗ್ಯಾಸ್, ಹೀಟರ್, ಒಲೆ, ಹೊಗೆ ಹೋಗುವ ಕೊಳವೆಗಳನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯರ ಒಂದು ಪತ್ರಿಕೆಯಲ್ಲಿ ಇಂಥ ಕುಟುಂಬದ ಕಥೆ ಬಂತು. ಹಳೆಯ ಮನೆಗೆ ಹೋದ ಮೇಲೆ ಹೆಜ್ಜೆ ಸದ್ದು, ಕಾಣದ ಜನ, ತಲೆನೋವು. ಕಾರಣ ಮನೆ ಬಿಸಿ ಮಾಡುವ ಕುಲುಮೆ ಕೆಟ್ಟು ವಿಷದ ಹೊಗೆ ಕೋಣೆಗಳಿಗೆ ಬರುತ್ತಿದ್ದದ್ದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಜೀವ ಹೋಗಬಹುದು.

ರಾತ್ರಿ ಎಚ್ಚರವಾಗಿ, ಮೈ ಅಲ್ಲಾಡಿಸಲು ಆಗದೆ, ಎದೆ ಮೇಲೆ ಯಾರೋ ಕೂತಂತೆ ಆಗಿದ್ದರೆ ಅದು ನಿದ್ರಾ ಪಾರ್ಶ್ವವಾಯು. ಮನಸ್ಸು ಎದ್ದಿರುತ್ತದೆ, ಕನಸಿನ ಹೊತ್ತಿನಲ್ಲಿ ಮೈ ಸಡಿಲವಾಗಿದ್ದು ಇನ್ನೂ ಬಿಟ್ಟಿರುವುದಿಲ್ಲ. ಕಂಡವರಿಗೆ ನಿಜವಾಗಿಯೂ ಕಂಡಿರುತ್ತದೆ. ‘ನಿನ್ನ ಭ್ರಮೆ’ ಅಂತ ತಳ್ಳಿಹಾಕಬೇಡಿ. ಪದೇ ಪದೇ ಆಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಕೈ ಇಟ್ಟರೆ ತಾನೇ ಚಲಿಸುವ ಮೇಜು, ಬಟ್ಟಲು, ನಾಣ್ಯ ಇದ್ದರೆ 1853ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಮಾಡಿದ್ದನ್ನು ನೋಡಿ. ಆಗ ಮೇಜು ತಿರುಗಿಸುವ ಹುಚ್ಚು ಎಲ್ಲೆಡೆ ಹಬ್ಬಿತ್ತು. ಫ್ಯಾರಡೆ ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಮಧ್ಯೆ ಮೆತ್ತನೆಯ ಅಂಟು ಹಚ್ಚಿ, ಮೇಜಿನ ಮೇಲಿಟ್ಟರು. ಜನ ಅದರ ಮೇಲೆ ಕೈ ಇಟ್ಟರು. ಮೇಜು ತಾನಾಗಿ ಹೊರಟರೆ ಕೆಳಗಿನ ಹಾಳೆ ಮುಂದೆ ಹೋಗಿರಬೇಕು, ಕೈ ತಳ್ಳಿದರೆ ಮೇಲಿನದು. ಮೇಲಿನ ಹಾಳೆಯೇ ಮುಂದೆ ಜಾರಿತ್ತು. ಕೂತವರು ಪ್ರಾಮಾಣಿಕರು, ತಳ್ಳುತ್ತಿದ್ದೇವೆ ಅಂತ ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಫ್ಯಾರಡೆ ಕೈಯ ಒತ್ತಡ ಕಣ್ಣಿಗೆ ಕಾಣುವಂತೆ ಒಂದು ಕಡ್ಡಿ ಕಟ್ಟಿದರು. ಅದನ್ನು ನೋಡುತ್ತಾ ಕೂತಾಗ ಮೇಜು ಅಲ್ಲಾಡಲೇ ಇಲ್ಲ. ಯಾರನ್ನೂ ಸುಳ್ಳುಗಾರ ಅನ್ನದೆ ಸತ್ಯ ತೋರಿಸಿದ ಈ ಪ್ರಯೋಗ ನನಗೆ ಅಚ್ಚುಮೆಚ್ಚು.

ದುಡ್ಡು ಯಾರಿಗೆ ಹೋಯಿತು?

1869ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ಡಿಫ್‌ನಲ್ಲಿ ಬಾವಿ ತೋಡುವಾಗ ಹತ್ತು ಅಡಿಯ ಕಲ್ಲಾದ ರಾಕ್ಷಸ ಸಿಕ್ಕಿದ. ತಕ್ಷಣ ಅದಕ್ಕೆ ಡೇರೆ ಹಾಕಿ ಟಿಕೆಟ್ ಮಾರಿದರು. ಕೆತ್ತಿಸಿ ಹೂಳಿಸಿದವನು ಜಮೀನಿನವನ ಸಂಬಂಧಿಕ ಜಾರ್ಜ್ ಹಲ್. ಡೇರೆ ಅಷ್ಟು ಬೇಗ ಬಂದದ್ದೇ ಸುಳಿವು.

ಆದರೆ ದುಡ್ಡು ಕಂಡ ಕೂಡಲೇ ಎಲ್ಲ ಸುಳ್ಳು ಅಂತ ತೀರ್ಮಾನ ಮಾಡಬೇಡಿ. ನ್ಯೂಯಾರ್ಕ್ ರಾಜ್ಯದ ಅಮಿಟಿವಿಲ್‌ನ ಒಂದು ಮನೆಯಲ್ಲಿ 1974ರ ನವೆಂಬರ್ 13ರಂದು ಒಂದೇ ಮನೆಯ ಆರು ಜನರ ಕೊಲೆಯಾದದ್ದು ನಿಜ. ಮರುವರ್ಷ ಅಲ್ಲಿಗೆ ಬಂದ ಕುಟುಂಬ 28 ದಿನದಲ್ಲಿ ಮನೆ ಬಿಟ್ಟದ್ದೂ ನಿಜ. 1977ರ ಪುಸ್ತಕದಲ್ಲಿ ಬಂದ ದೆವ್ವದ ಕಥೆಯನ್ನು ವೈನ್ ಕುಡಿಯುತ್ತಾ ಆ ಕುಟುಂಬದ ಜೊತೆ ಸೇರಿ ಕಟ್ಟಿದೆವು ಅಂತ ಕೊಲೆಗಾರನ ವಕೀಲರೇ ಆಮೇಲೆ ಹೇಳಿದರು. ಕುಟುಂಬದವರು ಒಪ್ಪಲಿಲ್ಲ. ನಂತರ ಆ ಮನೆಗೆ ಬಂದವರಿಗೆ ದೆವ್ವ ಕಾಟ ಕೊಡಲಿಲ್ಲ, ನೋಡಲು ಬರುವ ಜನ ಕೊಟ್ಟರು.

ತಪ್ಪೊಪ್ಪಿಗೆಯನ್ನೂ ಪರೀಕ್ಷೆ ಮಾಡಿ. 1848ರಲ್ಲಿ ಸತ್ತವರು ಟಕ್ ಟಕ್ ಸದ್ದಿನಿಂದ ಮಾತಾಡುತ್ತಾರೆ ಅಂತ ಹೆಸರಾದ ಫಾಕ್ಸ್ ಸಹೋದರಿಯರಲ್ಲಿ ಮ್ಯಾಗಿ 1888ರಲ್ಲಿ ಎಲ್ಲ ಮೋಸ ಅಂದಳು. ಮರುವರ್ಷ ಆ ಮಾತನ್ನೇ ಹಿಂದಕ್ಕೆ ತಗೊಂಡಳು. ಯಾವುದನ್ನು ನಂಬುವುದು? ಮಾತನ್ನು ಬದಿಗಿಟ್ಟು ಅವಳು ಮಾಡಿ ತೋರಿಸಿದ್ದನ್ನು ನೋಡಿ. ನ್ಯೂಯಾರ್ಕಿನ ವೇದಿಕೆ ಮೇಲೆ ಕಾಲ್ಬೆರಳಿನ ಗಂಟಿನಿಂದ ಆ ಸದ್ದು ಮಾಡಿ ತೋರಿಸಿದ್ದಳು. ಮುಂಚೆಯೇ, 1851ರಲ್ಲಿ, ಬಫಲೋದ ವೈದ್ಯರು ಸದ್ದು ಕಾಲಿನ ಗಂಟಿನಿಂದ ಬರುತ್ತದೆ ಅಂದಿದ್ದರು. ಕಾಲು ಚಾಚಿಸಿ ಹಿಮ್ಮಡಿಯನ್ನು ದಿಂಬಿನ ಮೇಲೆ ಇಡಿಸಿದಾಗ ಸದ್ದು ನಿಂತಿತ್ತು.

ಬದುಕಿರುವವರ ಮೇಲೆ ಬೆರಳು ತೋರಿಸಬೇಡಿ

ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. 2013ರಲ್ಲಿ ಲಾಸ್ ಏಂಜಲೀಸ್‌ನ ಸೆಸಿಲ್ ಹೋಟೆಲ್‌ನಲ್ಲಿ 21 ವರ್ಷದ ಒಬ್ಬ ವಿದ್ಯಾರ್ಥಿನಿ ಕಾಣೆಯಾದಳು. ಲಿಫ್ಟ್‌ನಲ್ಲಿ ಅವಳು ಓಡಾಡಿದ ವಿಡಿಯೋ ಜಗತ್ತೆಲ್ಲ ಹರಡಿತು. ಆಮೇಲೆ ಮಾಳಿಗೆಯ ನೀರಿನ ಟ್ಯಾಂಕಿನಲ್ಲಿ ಅವಳ ದೇಹ ಸಿಕ್ಕಿತು. ಆಕಸ್ಮಿಕವಾಗಿ ಮುಳುಗಿದ್ದು, ಅವಳಿಗಿದ್ದ ಮಾನಸಿಕ ಕಾಯಿಲೆಯೂ ಕಾರಣ ಅಂತ ಅಧಿಕೃತ ತೀರ್ಪು ಬಂತು. ಮುಚ್ಚಳ ಮುಚ್ಚಿತ್ತು, ಒಳಗೆ ಹೋದದ್ದು ಹೇಗೆ ಅಂತ ಲಕ್ಷಾಂತರ ಜನ ಕೇಳಿದರು. ದೇಹ ಕಂಡ ನೌಕರ ಮಾತ್ರ ಮುಚ್ಚಳ ತೆರೆದಿತ್ತು ಅಂತ ಹೇಳಿಕೆ ಕೊಟ್ಟಿದ್ದ. ಈ ನಡುವೆ ಕೆಲವರು ಒಬ್ಬ ಸಂಗೀತಗಾರನನ್ನು ಕೊಲೆಗಾರ ಅಂದುಬಿಟ್ಟರು. ಅವನು ಆ ಹೋಟೆಲ್‌ನಲ್ಲಿ ಇದ್ದದ್ದು ಒಂದು ವರ್ಷ ಮುಂಚೆ. ಬೆದರಿಕೆಗಳ ಮಳೆಯಲ್ಲಿ ಅವನ ಬದುಕು ಕೆಟ್ಟುಹೋಯಿತು.

ನಿಮ್ಮ ನೋಟ್‌ಬುಕ್ಕಿನಲ್ಲಿ ಅನುಮಾನ ಬರೆದುಕೊಳ್ಳಿ. ಹೆಸರು ಹಾಕಿ ಹೊರಗೆ ಹಂಚಬೇಡಿ. ಬೇರೆಯವರ ಮನೆಗೆ, ಪಾಳು ಕಟ್ಟಡಕ್ಕೆ ರಾತ್ರಿ ನುಗ್ಗಬೇಡಿ. ಸತ್ತವರ ಕುಟುಂಬಕ್ಕೆ ಮೆಸೇಜ್ ಕಳಿಸಬೇಡಿ. ಕಥೆ ಹೇಳಿದವರ ಹತ್ತಿರ ವಾಪಸ್ ಹೋಗುವಾಗಲೂ ‘ಸುಳ್ಳು ಹೇಳಿದೆ’ ಅನ್ನಬೇಡಿ. ‘ಇದು ಶುರುವಾದದ್ದು ಎಲ್ಲಿ ಅಂತ ಸಿಕ್ಕಿತು, ನೋಡ್ತೀಯಾ?’ ಅನ್ನಿ. ಆ ಹಳೆಯ ಪತ್ರಿಕೆಯ ಪುಟ ತೋರಿಸಿದರೆ ಜನ ಖುಷಿಯಿಂದ ಓದುತ್ತಾರೆ.

ಕೊನೆಗೆ ಬಲಗಡೆಯನ್ನು ತುಂಬಿಸಿ

ಪ್ರತಿ ಸಾಲಿನ ಎದುರು ಮೂರರಲ್ಲಿ ಒಂದನ್ನು ಬರೆಯಿರಿ: ದಾಖಲೆ ಇದೆ, ದಾಖಲೆಗೆ ವಿರುದ್ಧ ಇದೆ, ಗೊತ್ತಿಲ್ಲ. ದಾಖಲೆ ಇದ್ದರೆ ಎಲ್ಲಿ ಸಿಕ್ಕಿತು, ಯಾವ ತಾರೀಖಿನದು ಅಂತಲೂ ಬರೆಯಿರಿ.

ಮೇರಿ ಸೆಲೆಸ್ಟ್‌ನ ಪುಟ ಹೀಗೆ ಮುಗಿಯುತ್ತದೆ. ಹಡಗು ಖಾಲಿ ಇತ್ತು: ದಾಖಲೆ ಇದೆ. ಬಿಸಿ ಚಹಾ: ದಾಖಲೆಗೆ ವಿರುದ್ಧ. ದೋಣಿ ಇದ್ದಲ್ಲೇ ಇತ್ತು: ದಾಖಲೆಗೆ ವಿರುದ್ಧ, 1884ರ ಸಣ್ಣಕಥೆಯಿಂದ ಬಂದದ್ದು. ಹಡಗಿನಲ್ಲಿ 1,701 ಪೀಪಾಯಿ ಆಲ್ಕೋಹಾಲ್ ಇತ್ತು, ಇಳಿಸುವಾಗ ಒಂಬತ್ತು ಖಾಲಿ ಇದ್ದವು: ದಾಖಲೆ ಇದೆ. ಅದರ ಆವಿಗೆ ಹೆದರಿ, ಹಡಗು ಸಿಡಿಯಬಹುದು ಅಂತ ದೋಣಿಗೆ ಇಳಿದಿರಬಹುದು ಅಂತ ಕೆಲವರು ಊಹಿಸುತ್ತಾರೆ: ಊಹೆ ಅಂತಲೇ ಬರೆಯಿರಿ, ‘ಅಂತೆ’ ಹಚ್ಚಿಯೇ ಬರೆಯಿರಿ. ಒಬ್ಬ ಅನುಭವಿ ಕ್ಯಾಪ್ಟನ್ ಹೆಂಡತಿಯನ್ನೂ ಎರಡು ವರ್ಷದ ಮಗಳು ಸೋಫಿಯಾಳನ್ನೂ ಎತ್ತಿಕೊಂಡು, ಮುಳುಗದ ಹಡಗು ಬಿಟ್ಟು ನಡುಸಮುದ್ರದಲ್ಲಿ ಚಿಕ್ಕ ದೋಣಿಗೆ ಇಳಿದದ್ದು ಯಾಕೆ? ಆ ಸಾಲಿನ ಎದುರು ‘ಗೊತ್ತಿಲ್ಲ’ ಅಂತ ಬರೆದು ನೋಟ್‌ಬುಕ್ ಮುಚ್ಚಿ.